ಶಾಂತಿನಿಕೇತನದ ಚರ್ಮದ ಪುಸ್ತಕ ಹೊದಿಕೆ: ವಿನ್ಯಾಸ ಮತ್ತು ಹದ

ಆಧುನಿಕ ಭಾರತದ ಕರಕುಶಲ ಕಲೆಗಳ ಚರಿತ್ರೆಯಲ್ಲಿ ಶಾಂತಿನಿಕೇತನದ ಚರ್ಮಕಲೆಗೆ ವಿಶಿಷ್ಟವಾದ ಸ್ಥಾನವಿದೆ. ಉಬ್ಬುಚಿತ್ರಗಳಿಂದ ಅಲಂಕೃತವಾದ ಪುಸ್ತಕದ ಹೊದಿಕೆ, ಕೈಚೀಲ, ಹಣದ ಚೀಲಗಳು ಈ ಪರಂಪರೆಯ ಪರಿಚಿತ ವಸ್ತುಗಳು. ಇವುಗಳ ಚರ್ಚೆಯಲ್ಲಿ ವಿನ್ಯಾಸಕಾರರಿಗೆ ಸಲ್ಲುವ ಮನ್ನಣೆ ಚರ್ಮವನ್ನು ಹದಗೊಳಿಸಿದವರಿಗೆ ಸಲ್ಲುವುದು ವಿರಳ. ಆದರೆ ಹೊದಿಕೆಯ ಮೇಲಿನ ಚಿತ್ರವು ನಿಲ್ಲುವುದೇ ಆ ಹದದ ಬಲದಿಂದ.

ರವೀಂದ್ರನಾಥ ಠಾಕೂರರು 1922ರಲ್ಲಿ ಶಾಂತಿನಿಕೇತನದ ಸಮೀಪದ ಸುರುಲ್ ಗ್ರಾಮದಲ್ಲಿ ಗ್ರಾಮ ಪುನರ್ನಿರ್ಮಾಣ ಕೇಂದ್ರವನ್ನು ಆರಂಭಿಸಿದರು. ಶ್ರೀನಿಕೇತನವೆಂದು ಹೆಸರಾದ ಈ ಸಂಸ್ಥೆಯಲ್ಲಿ ಕೃಷಿಯ ಜೊತೆಗೆ ಕೈಕಸುಬುಗಳಿಗೂ ಆದ್ಯತೆ ದೊರೆಯಿತು. ಕವಿಯ ಪುತ್ರ ರಥೀಂದ್ರನಾಥ ಮತ್ತು ಸೊಸೆ ಪ್ರತಿಮಾದೇವಿಯವರು ಯುರೋಪಿನಲ್ಲಿ ಕಲಿತ ಚರ್ಮದ ಕೆಲಸವನ್ನು ಇಲ್ಲಿ ನೆಲೆಗೊಳಿಸಿದರು. 1919ರಲ್ಲಿ ಸ್ಥಾಪಿತವಾದ ಕಲಾಭವನದ ಪ್ರಭಾವದಿಂದ ಯುರೋಪಿನ ತಂತ್ರಕ್ಕೆ ಬಂಗಾಳದ ಆಲ್ಪನಾ ರಂಗೋಲಿಯ ಬಳ್ಳಿ, ಕಮಲ, ಶಂಖಗಳ ರೂಪ ಒದಗಿತು. ರವೀಂದ್ರನಾಥರ 1927ರ ಜಾವಾ ಪ್ರವಾಸದ ಬಳಿಕ ಬಾಟಿಕ್ ಕಲೆಯೂ ಈ ಪರಿಸರದಲ್ಲಿ ಬೇರೂರಿ, ಕಾಲಕ್ರಮೇಣ ಚರ್ಮಕ್ಕೂ ವ್ಯಾಪಿಸಿತು.

ಹೊದಿಕೆಯ ರಚನಾಕ್ರಮ ಹೀಗಿದೆ. ಮೊದಲು ಪುಸ್ತಕದ ಎರಡು ರಟ್ಟು, ಬೆನ್ನು ಹಾಗೂ ಒಳಮಡಿಕೆಗಳ ಅಳತೆಗೆ ಚರ್ಮವನ್ನು ಕತ್ತರಿಸಲಾಗುತ್ತದೆ. ಬೆನ್ನಿನ ಭಾಗ ಮಡಿಯುವುದರಿಂದ ಮುಖ್ಯ ಚಿತ್ರವನ್ನು ಮುಂಬದಿಯಲ್ಲಿ ಯೋಜಿಸುವುದು ವಾಡಿಕೆ. ಚರ್ಮವನ್ನು ತೇವಗೊಳಿಸಿ, ಕಾಗದದ ಮೇಲಿನ ಚಿತ್ರದ ಗೆರೆಗಳನ್ನು ಮೊಂಡು ಮೊನೆಯ ಸಲಾಕೆಯಿಂದ ಅದಕ್ಕೆ ಇಳಿಸಲಾಗುತ್ತದೆ. ಅನಂತರ ಚಿತ್ರದ ಸುತ್ತಲಿನ ಹಿನ್ನೆಲೆಯನ್ನು ಒತ್ತಿ ತಗ್ಗಿಸಿದಾಗ ಆಕೃತಿ ಉಬ್ಬಿ ಕಾಣುತ್ತದೆ. ಒಣಗಿದ ಮೇಲೆ ಬಣ್ಣ, ಹೊಳಪುಗಳನ್ನು ನೀಡಿ, ಅಂಚಿನ ರಂಧ್ರಗಳಲ್ಲಿ ಸಣ್ಣ ಚರ್ಮದ ಎಳೆಯನ್ನು ಹೆಣೆಯಲಾಗುತ್ತದೆ.

ಈ ವಿಧಾನವು ಸಸ್ಯಜನ್ಯ ಒಗರಿನಿಂದ ಹದಗೊಂಡ ಚರ್ಮವನ್ನೇ ಅಪೇಕ್ಷಿಸುತ್ತದೆ. ಅಂಥ ಚರ್ಮ ನೀರನ್ನು ಹೀರಿ ಮೆತ್ತಗಾಗುತ್ತದೆ. ಒಣಗಿದಾಗ ಒತ್ತಿದ ಗುರುತನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಕ್ರೋಮ್ ಲವಣಗಳಿಂದ ಹದಗೊಂಡ ಚರ್ಮವು ಸ್ಥಿತಿಸ್ಥಾಪಕ ಗುಣದಿಂದಾಗಿ ಮತ್ತೆ ಮಟ್ಟವಾಗಿಬಿಡುತ್ತದೆ. ಶಾಂತಿನಿಕೇತನದ ಕುಶಲಕರ್ಮಿಗಳು ನೆಚ್ಚಿಕೊಂಡ ಕುರಿ, ಆಡುಗಳ ‘ಈಸ್ಟ್ ಇಂಡಿಯಾ’ ಚರ್ಮವು ದಕ್ಷಿಣ ಭಾರತದ ಉತ್ಪನ್ನ. ದಿಂಡಿಗಲ್, ತಿರುಚಿರಾಪಳ್ಳಿ, ಈರೋಡ್ ಪ್ರದೇಶಗಳಲ್ಲಿ ತೊಗಲನ್ನು ಸುಣ್ಣದಲ್ಲಿ ನೆನೆಸಿ, ಕೂದಲು ತೆಗೆದು, ಆವರಿಕೆಯ ತೊಗಟೆಯ ಒಗರುನೀರಿನಲ್ಲಿ ಹದಗೊಳಿಸಿ, ಅಳಲೆಕಾಯಿಯಿಂದ ಕಳೆಗೊಳಿಸುವ ಪದ್ಧತಿಯಿತ್ತು. ಮುಂದೆ ಆವರಿಕೆಯ ಸ್ಥಾನವನ್ನು ಬಹುಮಟ್ಟಿಗೆ ವ್ಯಾಟಲ್ ತೊಗಟೆ ಆಕ್ರಮಿಸಿತು. ಕರ್ನಾಟಕದ ಬಯಲುಸೀಮೆಯಲ್ಲಿ ತಂಗಡಿ ಎಂದೂ ಕರೆಯಲ್ಪಡುವ ಹಳದಿ ಹೂವಿನ ಪೊದೆಯೇ ಈ ಆವರಿಕೆ.

ತಮಿಳು ನಾಡಿನಲ್ಲಿ ಈ ಉದ್ಯಮದ ವ್ಯಾಪಾರ ಬಹುಪಾಲು ಮುಸ್ಲಿಂ ವರ್ತಕರ ಕೈಯಲ್ಲಿದ್ದರೆ, ಗುಂಡಿಗಳಲ್ಲಿ ನಿಂತು ದುಡಿದವರಲ್ಲಿ ಹೆಚ್ಚಿನವರು ಅಸ್ಪೃಶ್ಯತೆಗೆ ಗುರಿಯಾದ ಸಮುದಾಯಗಳವರು. ಮೈಲಿಗೆಯೆಂದು ದೂರವಿಡಲಾದ ಅದೇ ವಸ್ತು ಶ್ರೀನಿಕೇತನದಲ್ಲಿ ಕಲೆಯ ಮಾಧ್ಯಮವಾಗಿ ಸುಶಿಕ್ಷಿತರ ಮೇಜನ್ನು ಅಲಂಕರಿಸಿತು. ಇದು ಚರ್ಮದ ಕೆಲಸಕ್ಕೆ ಹೊಸ ಗೌರವವನ್ನು ತಂದುಕೊಟ್ಟಿತು ನಿಜ. ಆದರೆ ಆ ಗೌರವ ಹದಮಾಡುವವರವರೆಗೆ ತಲುಪಿತೆಂದು ಹೇಳಲಾಗದು.

1999ರ ಭೌಗೋಳಿಕ ಸೂಚಕಗಳ ಕಾಯಿದೆಯಡಿ ಶಾಂತಿನಿಕೇತನದ ಚರ್ಮದ ವಸ್ತುಗಳೂ ತಮಿಳುನಾಡಿನ ಈಸ್ಟ್ ಇಂಡಿಯಾ ಚರ್ಮವೂ ಪ್ರತ್ಯೇಕವಾಗಿ ನೋಂದಣಿಗೊಂಡಿವೆ. ಕಾನೂನು ಎರಡು ಪ್ರದೇಶಗಳ ಕೌಶಲಗಳೆಂದು ಗುರುತಿಸಿದ ಇವು ಪುಸ್ತಕದ ಹೊದಿಕೆಯಲ್ಲಿ ಒಂದೇ ಮೈಯಾಗಿವೆ. ಆದುದರಿಂದ ಈ ಕಲೆಯ ಚರಿತ್ರೆಯನ್ನು ಬರೆಯುವವರು ಕಲಾಭವನದ ರೇಖಾಚಿತ್ರಗಳಷ್ಟೇ ಗಂಭೀರವಾಗಿ ದಕ್ಷಿಣದ ಹದಗುಂಡಿಗಳನ್ನೂ ಪರಿಶೀಲಿಸುವುದು ಅಗತ್ಯ.