ತಲೆ ಎತ್ತಿ ನೋಡಿ: ಅಟ್ಟದಿಂದ ಫಾಲ್ಸ್ ಸೀಲಿಂಗ್‌ವರೆಗೆ

ಭಾಗ 1/6

ಮೊದಲ ಫೋಟೋ ನೋಡಿ ಗಾಬರಿ ಆಗ್ಬೇಡಿ. ಯಾರಿಗೂ ಏನೂ ಆಗ್ಲಿಲ್ಲ.

ಎರಡು ವರ್ಷದ ಹಿಂದೆ ಶಿವಮೊಗ್ಗದಲ್ಲಿ ನಾವು ಬಾಡಿಗೆಗಿದ್ದ ಮನೆ ಅದು. ಪಿಒಪಿ ಸೀಲಿಂಗ್, ನಡುವೆ ದೊಡ್ಡ ಹೂವಿನ ಡಿಸೈನ್, ಸುತ್ತ ನೀಲಿ ಲೈಟು. ಮನೆ ನೋಡೋಕೆ ಹೋದ ದಿನ "ಇದೇ ಮನೆ ಬೇಕು" ಅಂತ ಹಟ ಹಿಡಿದವಳು ನಾನೇ. ಆ ಹೂವಿನ ಹಿಂದೆ ಸ್ಲ್ಯಾಬ್ ಸೋರ್ತಿತ್ತು. ನಮಗೆ ಕಾಣ್ಲೇ ಇಲ್ಲ. ಜುಲೈ ತಿಂಗಳ ಒಂದು ಬೆಳಗ್ಗೆ, ಅಜ್ಜಿ ಕಾಫಿಗೆ ಅಂತ ಅಡುಗೆಮನೆಗೆ ಎದ್ದು ಹೋದ ಐದು ನಿಮಿಷಕ್ಕೆ, ಆ ಹೂವು ಪೂರ್ತಿ ಕಳಚಿ ಅವರ ಮಂಚದ ಮೇಲೆ ಬಿತ್ತು.

ಈಗ ನಮ್ಮದೇ ಮನೆ ಕಟ್ತಿದ್ದೀವಿ. ಸಾಲದ ಮನೆ, ಇಎಂಐ ಮನೆ. ಅಪ್ಪನಿಗೆ ಫಾಲ್ಸ್ ಸೀಲಿಂಗ್ ಬೇಕು. ಅಜ್ಜಿ ಮಾತ್ರ ಒಂದೇ ಮಾತು ಹೇಳ್ತಾರೆ: "ಮೇಲೆ ಏನಿದೆ ಅಂತ ಕಾಣ್ಬೇಕು ಪುಟ್ಟಿ." ಕೊನೆಗೆ ಅಪ್ಪ, "ಓದ್ತಿರೋಳು ನೀನು, ನೀನೇ ವಿಚಾರಿಸಿ ಹೇಳು" ಅಂದ್ರು. ನಾನು ವಿಚಾರಿಸೋಕೆ ಹೊರಟಿದ್ದು ರೇಟು. ಸಿಕ್ಕಿದ್ದು ಚರಿತ್ರೆ. ಅದನ್ನೇ ಆರು ಪೋಸ್ಟಲ್ಲಿ ಹೇಳ್ತೀನಿ. ಮನೆ ಕಟ್ಟಿಸ್ತಿರೋರು ಯಾರಾದ್ರೂ ಗೊತ್ತಿದ್ರೆ ಅವರಿಗೂ ಕಳಿಸಿ.

ಭಾಗ 2/6: ಮುಚ್ಚಿಡೋಕೆ ಏನೂ ಇರ್ಲಿಲ್ಲ

ಈ ಫೋಟೋ ಸೋಮನಾಥಪುರದ ಕೇಶವ ದೇವಸ್ಥಾನದ್ದು. ಹೈಸ್ಕೂಲ್ ಟ್ರಿಪ್‌ನಲ್ಲಿ ನೀವೂ ಹೋಗಿರ್ತೀರ. ಎಲ್ಲರೂ ಹೊರಗೋಡೆ ನೋಡಿ ವಾಪಸ್ ಬರ್ತಾರೆ. ಮುಂದಿನ ಸಲ ಮಂಟಪದ ಒಳಗೆ ನಿಂತು ತಲೆ ಎತ್ತಿ. ಕಂಬಗಳ ನಡುವಿನ ಒಂದೊಂದು ಅಂಕಣಕ್ಕೂ ಬೇರೆ ಬೇರೆ ಕೆತ್ತನೆಯ ಭುವನೇಶ್ವರಿ ಇದೆ. ಗುಡಿಯ ಒಳಮಾಳಿಗೆಯ ಈ ಕೆತ್ತನೆಗೆ ಕನ್ನಡದಲ್ಲಿ ಇರೋ ಹೆಸರೇ ಭುವನೇಶ್ವರಿ. ಎಷ್ಟು ಚೆಂದದ ಹೆಸರು ನೋಡಿ.

13ನೇ ಶತಮಾನದ ಹೊಯ್ಸಳ ಶಿಲ್ಪಿ ಮಾಡಿದ್ದು "ಡಿಸೈನ್" ಹೌದು, ಆದರೆ ಅಂಟಿಸಿದ ಡಿಸೈನ್ ಅಲ್ಲ. ಮೇಲಿನ ಭಾರ ಹೊರೋ ಕಲ್ಲನ್ನೇ ಕೆತ್ತಿದ್ದು. ಕೆಲಸ ಮಾಡೋ ಕಲ್ಲೂ ಅದೇ, ಕಣ್ಣಿಗೆ ಕಾಣೋ ಕಲ್ಲೂ ಅದೇ.

ಮನೆಗಳಲ್ಲೂ ಹಾಗೇ ಇತ್ತು. ತೀರ್ಥಹಳ್ಳಿ ಕಡೆ ನಮ್ಮ ಅಜ್ಜನ ಮನೆಯಲ್ಲಿ ತೊಲೆ, ಅದರ ಮೇಲೆ ಹಲಗೆ, ಅದೇ ಅಟ್ಟ. ಕರಾವಳಿ ಕಡೆ ಹಲಗೆ ಹೊದಿಸಿದ್ದಕ್ಕೆ ಮುಚ್ಚಿಗೆ ಅಂತಾರೆ. ಕೆಳಗಿಂದ ನೋಡಿದ್ರೆ ಸೀಲಿಂಗ್, ಮೇಲಿಂದ ನೋಡಿದ್ರೆ ಗೋಡೌನ್. ಅಡಿಕೆ, ಕಾಳುಮೆಣಸು, ಮಳೆಗಾಲದ ಸೌದೆ ಎಲ್ಲ ಅಲ್ಲೇ. ಒಲೆಯ ಹೊಗೆ ಅಟ್ಟಕ್ಕೆ ತಾಗಿ ಮರ ಕಪ್ಪಾಗ್ತಿತ್ತು, ಹುಳು ಹತ್ತಿರ ಬರ್ತಿರ್ಲಿಲ್ಲ. ಹೆಂಚು ಒಡೆದು ಹನಿ ಬಿದ್ರೆ ಆ ರಾತ್ರಿನೇ ಗೊತ್ತಾಗ್ತಿತ್ತು. ಬೆಳಗ್ಗೆ ಏಣಿ ಹಾಕಿ ಹೆಂಚು ಬದಲಾಯಿಸಿದ್ರೆ ಮುಗೀತು.

ಉತ್ತರ ಕರ್ನಾಟಕದ ಫ್ರೆಂಡ್ಸ್, ನಿಮ್ಮೂರಿನ ಮಣ್ಣಿನ ಮಾಳಿಗೆ ಮನೆಯ ಜಂತಿ ನೆನಪಿಸ್ಕೊಳ್ಳಿ. ಅಲ್ಲೂ ಅಷ್ಟೇ, ಎಲ್ಲಾ ಕಣ್ಣೆದುರಿಗೆ. ಅಜ್ಜಿ ಹೇಳೋ "ಮೇಲೆ ಏನಿದೆ ಅಂತ ಕಾಣ್ಬೇಕು" ಅನ್ನೋ ಮಾತು ಎಲ್ಲಿಂದ ಬಂತು ಅಂತ ಈಗ ಅರ್ಥ ಆಯ್ತಾ?

ಭಾಗ 3/6: ಮೊದಲ ಸುಳ್ಳು ಬಟ್ಟೆಯದ್ದು

ಹಾಗಾದ್ರೆ "ಫಾಲ್ಸ್" ಸೀಲಿಂಗ್ ಯಾವಾಗ ಶುರುವಾಯ್ತು? ಛಾವಣಿಯ ಭಾರ ಹೊರದೆ, ಅದರ ಕೆಳಗೆ ಸುಮ್ನೆ ನೇತಾಡೋದೆಲ್ಲಾ ಫಾಲ್ಸ್ ಅಂದ್ರೆ, ನಮ್ಮಲ್ಲಿ ಬಟ್ಟೆಗೆ ಆ ಹೆಸರು ಸಲ್ಲುತ್ತೆ. ಮದುವೆ ಮನೆಯಲ್ಲಿ, ದೇವರ ಮುಂದೆ ಕಟ್ಟೋ ಮೇಲ್ಕಟ್ಟು ಇದೆಯಲ್ಲ, ಅದೇ.

ಬ್ರಿಟಿಷರ ಕಾಲದ ಬಂಗಲೆಗಳಲ್ಲಿ ಇದು ವರ್ಷಪೂರ್ತಿ ಇರ್ತಿತ್ತು. ಹುಲ್ಲು ಅಥವಾ ಹೆಂಚಿನ ಮಾಡಿನ ಕೆಳಗೆ ಒರಟು ಹತ್ತಿ ಬಟ್ಟೆ ಎಳೆದು ಕಟ್ಟಿ, ಅದಕ್ಕೆ ಸುಣ್ಣ ಬಳಿಯೋದು. ಧೂಳು, ಹುಳ ತಟ್ಟೆಗೆ ಬೀಳ್ಬಾರದು ಅನ್ನೋದು ಉದ್ದೇಶ. ಆದರೆ ಬಟ್ಟೆ ಮೇಲಿನ ಕತ್ತಲಲ್ಲಿ ಇಲಿ ಸಂಸಾರ ಹೂಡ್ತಿತ್ತು, ಇಲಿ ಹುಡುಕಿಕೊಂಡು ಹಾವೂ ಬರ್ತಿತ್ತು. ಕೆಳಗೆ ಬೆಳ್ಳಗೆ, ಮೇಲೆ ಏನಿದೆಯೋ ದೇವರಿಗೇ ಗೊತ್ತು. ನಮ್ಮ ಬಾಡಿಗೆ ಮನೆ ಕಥೆನೇ, ಅಲ್ವಾ?

ಇನ್ನೊಂದು ದಾರಿ ಮಂಗಳೂರಿಂದ ಬಂತು. 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಅಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ರು. ಒಂದಕ್ಕೊಂದು ಕಚ್ಚಿಕೊಂಡು ಕೂರೋ ಆ ಹೆಂಚು ಎಲ್ಲಾ ಕಡೆ ಹಬ್ಬಿತು. ಮುಂದೆ ಹೆಂಚಿನ ಕಾರ್ಖಾನೆಗಳು ಸೀಲಿಂಗ್ ಹೆಂಚನ್ನೂ ಮಾಡಿದ್ವು. ಮೇಲೆ ಮಳೆ ತಡೆಯೋ ಹೆಂಚು, ಕೆಳಗೆ ಚಪ್ಪಟೆ ಹೆಂಚು, ನಡುವೆ ಗಾಳಿ. ಬಿಸಿಲೂ ಕಡಿಮೆ, ಕಸಾನೂ ಬೀಳಲ್ಲ. ಒಂದು ಹೆಂಚು ಎತ್ತಿದ್ರೆ ಮೇಲಿನದು ಕಾಣುತ್ತೆ. ಎರಡು ಪದರ ಇದ್ದೂ ಇಣುಕೋಕೆ ದಾರಿ ಇತ್ತು. ಇದನ್ನ ನೆನಪಿಟ್ಕೊಳ್ಳಿ, ಕೊನೇ ಭಾಗದಲ್ಲಿ ಬೇಕಾಗುತ್ತೆ.

ಭಾಗ 4/6: ಬೆಂಕಿ ಮತ್ತು ಜಿಪ್ಸಂ

ಮರಕ್ಕೆ ಒಂದೇ ದೊಡ್ಡ ಶತ್ರು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಮೈಸೂರಿನ ಹಳೇ ಮರದ ಅರಮನೆಗೆ ಬೆಂಕಿ ಬಿತ್ತು. ನಾವು ಇವತ್ತು ನೋಡೋ ಅರಮನೆ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ್ದು, ಮುಗಿದಿದ್ದು 1912ರಲ್ಲಿ. ಅದರ ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿದ್ರೆ ಕಬ್ಬಿಣದ ಚೌಕಟ್ಟು, ಅದರಲ್ಲಿ ನವಿಲಿನ ಚಿತ್ರದ ಬಣ್ಣದ ಗಾಜು. ಮರ ಇದ್ದ ಜಾಗಕ್ಕೆ ಲೋಹ, ಗಾಜು ಬಂದಿದ್ದು ಹೀಗೆ.

ಅರಮನೆ ಸುಡೋದಕ್ಕೆ ಮೂರು ವರ್ಷ ಮೊದಲು, 1894ರಲ್ಲಿ, ಅಮೆರಿಕದಲ್ಲಿ ಆಗಸ್ಟಿನ್ ಸ್ಯಾಕೆಟ್ ಅನ್ನೋರು ಒಂದು ಹಲಗೆಗೆ ಪೇಟೆಂಟ್ ತಗೊಂಡ್ರು. ಕಾಗದದ ಪದರಗಳ ನಡುವೆ ಪ್ಲಾಸ್ಟರ್. ಇವತ್ತಿನ ಜಿಪ್ಸಂ ಬೋರ್ಡಿನ ಮುತ್ತಜ್ಜ ಅದು.

ಪ್ಲಾಸ್ಟರ್ ಆಫ್ ಪ್ಯಾರಿಸ್ ಅನ್ನೋ ಹೆಸರಿನಲ್ಲಿ ಪ್ಯಾರಿಸ್ ಯಾಕೆ? ಆ ಊರಿನ ಮಾಂಟ್ಮಾರ್ಟ್ರ್ ಗುಡ್ಡದಲ್ಲಿ ಜಿಪ್ಸಂ ಗಣಿಗಳಿದ್ವು, ಅದಕ್ಕೆ. ಜಿಪ್ಸಂ ಕಲ್ಲನ್ನ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ್ರೆ ಒಳಗಿನ ನೀರಿನ ಮುಕ್ಕಾಲು ಭಾಗ ಹೋಗಿ ಪುಡಿ ಆಗುತ್ತೆ. ಮತ್ತೆ ನೀರು ಬೆರೆಸಿದ್ರೆ ಗಟ್ಟಿಯಾಗಿ ಕೂರುತ್ತೆ. ನಮ್ಮ ದೇಶದಲ್ಲಿ ಈ ಕಲ್ಲು ಹೆಚ್ಚಾಗಿ ಸಿಗೋದು ರಾಜಸ್ಥಾನದ ಬಿಕಾನೇರ್, ನಾಗೌರ್ ಕಡೆ.

ತಮಾಷೆ ಏನಂದ್ರೆ, ಒಣಗಿದ ಜಿಪ್ಸಂನ ತೂಕದಲ್ಲಿ ಸುಮಾರು 21% ನೀರೇ! ಬೆಂಕಿ ಬಿದ್ರೆ ಆ ನೀರು ಆವಿಯಾಗಿ ಹೋಗೋವರೆಗೆ ಬೋರ್ಡು ಬೆಂಕಿಯನ್ನ ತಡೆದು ನಿಲ್ಲಿಸುತ್ತೆ. ಬೆಂಕಿಗೆ ಒಳ್ಳೇ ಗುರಾಣಿ. ಆದರೆ ಮೇಲಿಂದ ಸೋರೋ ನೀರು ಕುಡಿದ್ರೆ ಮೆತ್ತಗಾಗಿ ಜೋತು ಬೀಳುತ್ತೆ. ಅಜ್ಜಿ ಮಂಚ ಅದಕ್ಕೇ ಸಾಕ್ಷಿ.

ಭಾಗ 5/6: ಆಫೀಸಿಂದ ಹಾಲ್‌ಗೆ

ಆರ್‌ಸಿಸಿ ಬಂದ ಮೇಲೆ ತೊಲೆ, ಜಂತಿ, ಹಲಗೆ ಎಲ್ಲಾ ಮಾಯ. ತಲೆ ಮೇಲೆ ಬರೀ ಬಿಳೀ ಸ್ಲ್ಯಾಬು. ಅದೇ ಹೊತ್ತಿಗೆ ಮುಚ್ಚಿಡಬೇಕಾದ ಸಾಮಾನು ಜಾಸ್ತಿ ಆಯ್ತು.

ಮೊದಲು ಆಫೀಸುಗಳಲ್ಲಿ. ಎಸಿ ಡಕ್ಟು, ವೈರು, ಪೈಪು, ಮೇಲೆ ಟೈಪ್‌ರೈಟರ್ ಸದ್ದು. ಇವೆಲ್ಲದಕ್ಕೂ ಉತ್ತರವಾಗಿ ಲೋಹದ ಚೌಕಟ್ಟು ನೇತುಹಾಕಿ, ಅದರಲ್ಲಿ ಸದ್ದು ಹೀರೋ ಟೈಲ್ಸ್ ಕೂರಿಸಿದ್ರು. ಕ್ಲಾಸ್‌ಮೇಟ್ಸ್, ನಾಳೆ ಕಂಪ್ಯೂಟರ್ ಲ್ಯಾಬಲ್ಲಿ ತಲೆ ಎತ್ತಿ. ಎರಡಡಿ ಎರಡಡಿಯ ಚೌಕ ಕಾಣುತ್ತಲ್ಲ, ಅದೇ. ನೋಡೋಕೆ ಸಪ್ಪೆ. ಆದರೆ ಒಂದು ಚೌಕ ಎತ್ತಿ ಎಲೆಕ್ಟ್ರಿಷಿಯನ್ ಒಳಗೆ ಕೈ ಹಾಕ್ಬಹುದು. ಮಂಗಳೂರಿನ ಸೀಲಿಂಗ್ ಹೆಂಚಿನ ಬುದ್ಧಿನೇ ಇದು.

ಅಲ್ಲಿಂದ ಹೋಟೆಲ್, ಶೋರೂಂ, ಆಮೇಲೆ ನಮ್ಮ ಹಾಲ್. ಈ ದಾರಿಯಲ್ಲಿ ಒಂದು ಬದಲಾವಣೆ ಆಯ್ತು. ಆಫೀಸಲ್ಲಿ ಕೆಲಸಕ್ಕೆ ಅಂತ ಹುಟ್ಟಿದ್ದು ಮನೆಯಲ್ಲಿ ಚೆಂದಕ್ಕೆ ಅಂತ ಉಳೀತು. ಚೆಂದಕ್ಕೆ ಎಂದು ಎತ್ತೋ ಚೌಕ ತೆಗೆದ್ರು, ಜಾಯಿಂಟ್ ಕಾಣದ ಹಾಗೆ ಪೂರ್ತಿ ಮುಚ್ಚಿದ್ರು. ನಾವು ಡಿಸೈನ್ ಆರಿಸೋದು ಫೋಟೋ ನೋಡಿ. ಮೇಲಿನ ಸ್ಲ್ಯಾಬ್ ಬಗ್ಗೆ ಒಂದು ಪ್ರಶ್ನೆನೂ ಕೇಳಲ್ಲ. ಎರಡು ವರ್ಷದ ಹಿಂದೆ ನಾನೂ ಕೇಳ್ಲಿಲ್ಲ.

ಭಾಗ 6/6: ನಮ್ಮ ಮನೆಯ ತೀರ್ಮಾನ

ಇಷ್ಟೆಲ್ಲಾ ಓದಿದ ಮೇಲೆ ಅಪ್ಪನ ಎದುರು ಒಂದು ಹಾಳೆ ಇಟ್ಟೆ. ಪ್ರತಿ ಕೋಣೆಗೂ ಒಂದೇ ಪ್ರಶ್ನೆ: ಇಲ್ಲಿ ಸೀಲಿಂಗ್ ಏನು ಕೆಲಸ ಮಾಡ್ಬೇಕು?

ಎತ್ತರ: ನಮ್ಮ ಸ್ಲ್ಯಾಬ್ ಒಂಬತ್ತೂವರೆ ಅಡಿ. ತೋರಿಸಿದ ಡಿಸೈನ್ ಒಂದು ಅಡಿ ಕೆಳಗೆ ಇಳೀತಿತ್ತು. ವಾಸದ ಕೋಣೆಗೆ ಕನಿಷ್ಠ 2.75 ಮೀಟರ್, ಅಂದ್ರೆ ಸುಮಾರು ಒಂಬತ್ತು ಅಡಿ ಎತ್ತರ ಇರ್ಬೇಕು ಅನ್ನುತ್ತೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಎಸಿ ಕೋಣೆಗಾದ್ರೆ ಫಾಲ್ಸ್ ಸೀಲಿಂಗ್‌ನ ಕೆಳಗೆ 2.4 ಮೀಟರ್. ನಮ್ಮಲ್ಲಿ ಎಸಿ ಇಲ್ಲ. ಆ ಡಿಸೈನ್ ಅಲ್ಲಿಗೇ ಕ್ಯಾನ್ಸಲ್.

ಹಾಲ್: ಸುತ್ತ ಅಂಚಿಗೆ ಮಾತ್ರ ಜಿಪ್ಸಂ ಬೋರ್ಡ್, ಜಿಐ ಚಾನಲ್ ಮೇಲೆ, ಐದು ಇಂಚು ಇಳಿಸಿ. ನಡುವೆ ಸ್ಲ್ಯಾಬ್ ಹಾಗೇ ಕಾಣುತ್ತೆ. ಫ್ಯಾನ್ ಸ್ಲ್ಯಾಬಿನ ಹುಕ್ಕಿಗೇ, ಬೋರ್ಡಿಗೆ ಅಲ್ವೇ ಅಲ್ಲ. ಪಿಒಪಿಯಲ್ಲಿ ಬಳುಕೋ ಡಿಸೈನ್ ಚೆನ್ನಾಗಿ ಬರುತ್ತೆ ನಿಜ, ಆದರೆ ಅದು ಮೇಸ್ತ್ರಿ ಕೈಚಳಕದ ಮೇಲೆ ನಿಂತಿದೆ, ಒಣಗೋಕೂ ದಿನ ಹಿಡಿಯುತ್ತೆ. ನೇರ ಗೆರೆಗೆ ಬೋರ್ಡೇ ಸಾಕು.

ಬಚ್ಚಲು: ಸಾದಾ ಜಿಪ್ಸಂ ಬೇಡ. ಪಿವಿಸಿ ನೀರಿಗೆ ಹೆದರಲ್ಲ, ಆದರೆ ಶಾಖಕ್ಕೆ ಬಾಗುತ್ತೆ, ಸುಟ್ಟರೆ ಕೆಟ್ಟ ಹೊಗೆ. ಹಾಗಾಗಿ ಬಚ್ಚಲಿಗೆ ಪಿವಿಸಿ ಓಕೆ, ಅಡುಗೆಮನೆಗೆ ಬೇಡ. ಅಡುಗೆಮನೆಗೆ ಬರೀ ಪೇಂಟು.

ಅಜ್ಜಿ ಕೋಣೆ: ಏನೂ ಇಲ್ಲ. ಬರೀ ಸ್ಲ್ಯಾಬು.

ಮುಖ್ಯವಾದ ಎರಡು ಮಾತು. ಒಂದು, ಸೀಲಿಂಗ್‌ಗೆ ಕೈ ಹಾಕೋ ಮೊದಲು ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಒಂದು ಮಳೆಗಾಲ ಕಾಯ್ತೀವಿ. ಎರಡು, ಬೋರ್ಡ್ ಹಾಕಿದ ಕಡೆ ತೆಗೆದು ನೋಡೋ ಒಂದು ಸಣ್ಣ ಬಾಗಿಲು. ಗುತ್ತಿಗೆದಾರರು "ಅಂದ ಕೆಡುತ್ತೆ ಮೇಡಂ" ಅಂದ್ರು. ಕೆಡಲಿ ಅಂದೆ.

ಅಪ್ಪ ಹಾಳೆ ನೋಡಿ ಸ್ವಲ್ಪ ಹೊತ್ತು ಸುಮ್ನಿದ್ರು. ಅವರಿಗೆ ನೀಲಿ ಲೈಟಿನ ಆಸೆ ಇತ್ತು ಅಂತ ನನಗೆ ಗೊತ್ತು. ಗೃಹಪ್ರವೇಶಕ್ಕೆ ಬಂದ ನೆಂಟರು ತಲೆ ಎತ್ತಿ "ಅಬ್ಬಾ" ಅನ್ನಬೇಕು ಅನ್ನೋ ಆಸೆ. ಅದು ತಪ್ಪಲ್ಲ. ಅದಕ್ಕೇ ಹಾಲಿನ ಅಂಚಿಗೆ ನೀಲಿ ಅಲ್ಲದಿದ್ರೂ ಬೆಚ್ಚನೆ ಹಳದಿ ಎಲ್‌ಇಡಿ ಪಟ್ಟಿ ಬರೆದಿಟ್ಟಿದ್ದೆ. ಅದಕ್ಕೆ ಬೆರಳಿಟ್ಟು "ಇದು ಇರ್ಲಿ" ಅಂದ್ರು.

ಅಜ್ಜಿ ಕೇಳಿದ್ದು ಒಂದೇ: "ಆ ಬಾಗಿಲು ತೆಗೆಯೋಕೆ ಏಣಿ ಇದ್ಯೇನೇ?"

ಇದೆ ಅಜ್ಜಿ. ಅಜ್ಜನ ಮನೆಯಿಂದ ತಂದಿದ್ದೀವಿ.

ನಿಮ್ಮ ಮನೆಯಲ್ಲಿ ತಲೆ ಎತ್ತಿದ್ರೆ ಏನು ಕಾಣುತ್ತೆ? ಜಂತಿನಾ, ಹೆಂಚಾ, ಸ್ಲ್ಯಾಬಾ, ಬೋರ್ಡಾ? ಫೋಟೋ ತೆಗೆದು ಕಳಿಸಿ, ಸ್ಟೋರಿಗೆ ಹಾಕ್ತೀನಿ.

#ತಲೆಎತ್ತಿನೋಡಿ #ಮನೆಯಚರಿತ್ರೆ #ಅಜ್ಜಿಹೇಳಿದ್ದು