ಒಂದು ಅಂಕದ ಚರಿತ್ರೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮೂರುಗಳಲ್ಲಿ ನೀರು ಬಿಡುವ ಹೊತ್ತಿಗೂ, ದೇವಸ್ಥಾನದ ಕಟ್ಟೆಯ ಮೇಲೂ ಒಂದೇ ಪ್ರಶ್ನೆ: "ನಿಮ್ಮ ಹುಡುಗಿಗೆ ಎಷ್ಟು ಬಂತು?" ಆ 'ಎಷ್ಟು' ಎನ್ನುವುದನ್ನು ಯಾರು ತೂಗಿದರು, ಯಾವ ತಕ್ಕಡಿಯಲ್ಲಿ ತೂಗಿದರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ತಕ್ಕಡಿ ಹಳೆಯದು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದಾಗ ಅವುಗಳ ಹೊಸ್ತಿಲಲ್ಲೇ ಪ್ರವೇಶ ಪರೀಕ್ಷೆಯೂ ಬಂದು ಕೂತಿತು. ಹೈಸ್ಕೂಲಿನಲ್ಲಿ ಏನು ಕಲಿಸಬೇಕೆಂಬುದಕ್ಕೆ ಆ ಪರೀಕ್ಷೆಯೇ ಅಳತೆಗೋಲಾಯಿತು. ಆ ಹೊಸ್ತಿಲನ್ನು ದಾಟಲು ಹೆಣ್ಣುಮಕ್ಕಳಿಗೆ ಇನ್ನೂ ಎರಡು ದಶಕ ಹಿಡಿಯಿತು. 1878ರಲ್ಲಿ ಕಾದಂಬಿನಿ ಬಸು ಕಲ್ಕತ್ತದ ಪ್ರವೇಶ ಪರೀಕ್ಷೆ ಪಾಸು ಮಾಡಿದಾಗ, ಆಕೆಗೆ ಪ್ರಥಮ ದರ್ಜೆ ತಪ್ಪಿದ್ದು ಒಂದೇ ಒಂದು ಅಂಕದಿಂದ. ಮುಂದೆ ವೈದ್ಯೆಯಾದ ಆಕೆಯನ್ನು ಆ ಒಂದು ಅಂಕ ತಡೆಯಲಿಲ್ಲ, ನಿಜ. ಆದರೆ ಎಲ್ಲರ ಮನೆಯಲ್ಲೂ ಅಷ್ಟು ಧೈರ್ಯ ಇರುತ್ತದೆಯೇ?

ಒಂದು ಅಂಕ ಎಷ್ಟು ಗಟ್ಟಿ ಎಂದು ಪರೀಕ್ಷಿಸಿ ನೋಡಿದವರಲ್ಲಿ ಫಿಲಿಪ್ ಹಾರ್ಟಾಗ್ ಒಬ್ಬರು. ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿದ್ದ ಅವರು ನಮ್ಮ ದೇಶದ ಶಿಕ್ಷಣದ ಬಗ್ಗೆ 1929ರಲ್ಲಿ ವರದಿಯನ್ನೂ ಕೊಟ್ಟವರು. 1935ರಲ್ಲಿ ಇಂಗ್ಲೆಂಡಿನಲ್ಲಿ ರೋಡ್ಸ್ ಎಂಬವರ ಜೊತೆ ಸೇರಿ ಅವರು ಪ್ರಕಟಿಸಿದ ಅಧ್ಯಯನವನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. ಒಂದೇ ಸಮನಾದ ಅಂಕ ಪಡೆದಿದ್ದ ಹದಿನೈದು ಚರಿತ್ರೆಯ ಉತ್ತರಪತ್ರಿಕೆಗಳನ್ನು ಅನುಭವಿ ಪರೀಕ್ಷಕರ ಕೈಗೆ ಕೊಟ್ಟರು. ವರ್ಷ ಕಳೆದ ಮೇಲೆ ಅದೇ ಪತ್ರಿಕೆಗಳನ್ನು ಅವರಲ್ಲಿ ಹದಿನಾಲ್ಕು ಮಂದಿಗೆ ಮತ್ತೆ ಕೊಟ್ಟರು. ಒಟ್ಟು 210 ತೀರ್ಪುಗಳಲ್ಲಿ 92 ಬದಲಾಗಿದ್ದವು! ಉತ್ತರ ಅದೇ, ತಿದ್ದಿದವರೂ ಅವರೇ. ಪಾಸು ಮಾತ್ರ ಫೇಲಾಗಿತ್ತು, ಫೇಲು ಪಾಸಾಗಿತ್ತು.

ಎಷ್ಟೋ ಬೇಸಿಗೆಗಳನ್ನು ಮೌಲ್ಯಮಾಪನ ಕೇಂದ್ರಗಳಲ್ಲಿ ಕಳೆದ ನನಗೆ ಇದು ಆಶ್ಚರ್ಯವಲ್ಲ. ಮಾದರಿ ಉತ್ತರ ಎದುರಿಗಿರುತ್ತದೆ, ಒಬ್ಬರು ತಿದ್ದಿದ್ದನ್ನು ಮತ್ತೊಬ್ಬರು ಕೂಡಿ ನೋಡುತ್ತಾರೆ, ಮೇಲಿನವರು ಕೆಲವನ್ನು ತೆಗೆದು ಪುನಃ ತಿದ್ದುತ್ತಾರೆ. ಆದರೂ ಮಗು ಪುಸ್ತಕದ ವಾಕ್ಯ ಬಿಟ್ಟು ತನ್ನದೇ ಮಾತಿನಲ್ಲಿ ಬರೆದಿದ್ದರೆ, ಅರ್ಧ ಅಂಕಕ್ಕೆ ಇಡೀ ಮೇಜು ವಾದಕ್ಕಿಳಿಯುತ್ತದೆ. ಬೆಳಗಿನ ಕಣ್ಣು ಬೇರೆ, ಸಂಜೆ ನಾಲ್ಕರ ಕಣ್ಣು ಬೇರೆ.

ಕನ್ನಡನಾಡಿನ ಕಥೆ ಇನ್ನೂ ತೊಡಕಿನದು. 1956ರ ಏಕೀಕರಣಕ್ಕೆ ಮುಂಚೆ ಧಾರವಾಡದವರ ಪರೀಕ್ಷೆ ಬೊಂಬಾಯಿ ಕಡೆಯದು, ಮಂಗಳೂರಿನವರದು ಮದರಾಸಿನ ಕಡೆಯದು. ನಿಜಾಮರ ಆಳ್ವಿಕೆಯ ಕಲಬುರ್ಗಿಯಲ್ಲಿ ಉರ್ದುವಿನ ಕಾರುಬಾರು. ಬೇರೆ ಬೇರೆ ಪಠ್ಯ ಓದಿದ ಊರುಗಳನ್ನೆಲ್ಲ ಒಂದೇ ಪ್ರಶ್ನೆಪತ್ರಿಕೆಗೆ ತರಬೇಕಿತ್ತು. ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಂದದ್ದು 1966ರಲ್ಲಿ. ಅಂಕಗಳಿಗಾಗಿ ನಾಡೇ ಬೀದಿಗಿಳಿದದ್ದೂ ಉಂಟು. ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಿ ಅದಕ್ಕೆ 150 ಅಂಕ ಇರಬೇಕೆಂದು ಗೋಕಾಕ್ ಸಮಿತಿ 1981ರಲ್ಲಿ ಹೇಳಿತು. ಆ ವರದಿ ಜಾರಿಯಾಗಲೆಂದು 1982ರಲ್ಲಿ ರಾಜಕುಮಾರ್ ಊರೂರು ತಿರುಗಿದ್ದು ನಿಮಗೂ ನೆನಪಿರಬಹುದು. ಪಠ್ಯಕ್ರಮ ಎನ್ನುವುದು ಕಚೇರಿಯ ಕಡತ ಮಾತ್ರ ಎಂದುಕೊಂಡವರಿಗೆ ಅದೊಂದು ಪಾಠ.

ಆಮೇಲೆಯೂ ತಕ್ಕಡಿ ಸ್ಥಿರವಾಗಿಲ್ಲ. ಕೊರೋನಾ ಕಾಲದಲ್ಲಿ, 2021ರ ಜುಲೈಯಲ್ಲಿ, ಎರಡೇ ದಿನದಲ್ಲಿ ಬಹು ಆಯ್ಕೆಯ ಪ್ರಶ್ನೆಗಳಿಗೆ ಗುರುತು ಹಾಕಿ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಪಾಸಾದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಕಣ್ಣು ಬಂತು. ಹಿಂದಿನ ವರ್ಷ ನೂರಕ್ಕೆ 83.89 ಇದ್ದ ಉತ್ತೀರ್ಣರ ಪ್ರಮಾಣ, ಕೃಪಾಂಕವನ್ನು ಧಾರಾಳವಾಗಿ ಕೊಟ್ಟ ಮೇಲೂ, 73.40ಕ್ಕೆ ಇಳಿಯಿತು. ಇಳಿದದ್ದು ಮಕ್ಕಳ ಬುದ್ಧಿಯೇ, ಇಲ್ಲಾ ನಮ್ಮ ಹಳೆಯ ತೂಕದಲ್ಲೇ ಮೋಸವಿತ್ತೇ?

ಅದೇ ವರ್ಷ ಮತ್ತೊಂದು ಬದಲಾವಣೆಯೂ ಆಯಿತು. ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆದವು; ಮೂರರಲ್ಲಿ ಒಳ್ಳೆಯ ಅಂಕ ಯಾವುದೋ ಅದು ಮಗುವಿನದಾಯಿತು. ಗಂಡುಹುಡುಗ ಫೇಲಾದರೆ ಟ್ಯೂಷನ್ನು, ಹೆಣ್ಣುಹುಡುಗಿ ಫೇಲಾದರೆ ಜಾತಕ ಎಂಬ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. "ಇನ್ನು ಓದಿದ್ದು ಸಾಕು" ಎಂಬ ಮಾತು ಹೊರಡುವ ಮುಂಚೆಯೇ ಇನ್ನೊಂದು ಪರೀಕ್ಷೆಯ ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಇರುವುದು ಸಣ್ಣ ವಿಷಯವಲ್ಲ.

ಇನ್ನೊಂದು ಮಾತು. ತಿದ್ದಿದ ಉತ್ತರಪತ್ರಿಕೆಯನ್ನು ನೋಡುವುದು ಬರೆದವರ ಹಕ್ಕು ಎಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ನಕಲು ಪ್ರತಿ ತರಿಸಿಕೊಳ್ಳಬಹುದು, ಮರುಮೌಲ್ಯಮಾಪನವನ್ನೂ ಕೇಳಬಹುದು. ಅದಕ್ಕೆ ಕೊನೆಯ ದಿನಾಂಕವಿದೆ, ಶುಲ್ಕವಿದೆ. ಒಂದು ಅಂಕಕ್ಕೆ ಫೇಲಾಗಿ ಮೂಲೆಯಲ್ಲಿ ಕುಳಿತ ಹುಡುಗಿ ನಿಮ್ಮ ಬೀದಿಯಲ್ಲಿದ್ದರೆ, ಅವಳ ತಾಯಿಗೆ ಇದನ್ನು ಹೇಳಿಬನ್ನಿ. ಆ ದಿನಾಂಕ ದಾಟುವ ಮುಂಚೆ.