ಪಗಾರ ಚೀಟಿಯಲ್ಲಿ ಬರಗಾಲ

ಮುಂಬಯಿಯಲ್ಲಿ ನೌಕರಿ ಮಾಡುವ ನಮ್ಮವರ ಪಗಾರ ಚೀಟಿ ತೆಗೆದು ನೋಡಿ. ಪ್ರೊಫೆಶನ್ ಟ್ಯಾಕ್ಸ್ ಅಂತ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300 ಕಡಿತ ಆಗಿರುತ್ತದೆ. ಇದರ ಬೇರು ಬರಗಾಲದಲ್ಲಿದೆ ಅಂತ ಎಷ್ಟು ಜನರಿಗೆ ಗೊತ್ತೋ!

ಕಥೆ ಹಳೆಯದು. ನಮ್ಮ ವಿಜಾಪುರ ಆಗ ಮುಂಬಯಿ ಪ್ರಾಂತದಲ್ಲಿತ್ತು, ಜಿಲ್ಲೆಯ ಹೆಸರು ಕಲಾದಗಿ. 1876-78ರ ಬರದಲ್ಲಿ ಸರಕಾರ ಜನರಿಗೆ ಕೆರೆ, ರಸ್ತೆಗಳ ಕೆಲಸ ಕೊಟ್ಟಿದ್ದೇನೋ ನಿಜ. ಆದರೆ ಖರ್ಚು ಹೆಚ್ಚಾಯಿತೆಂದು ಸರ್ ರಿಚರ್ಡ್ ಟೆಂಪಲ್ ಸಾಹೇಬರು ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ, ಮೇಲೊಂದಿಷ್ಟು ಚಿಲ್ಲರೆಗೆ ಇಳಿಸಿದರು. ದಿನವಿಡೀ ಮಣ್ಣು ಹೊತ್ತವನಿಗೆ ಅರ್ಧ ಕಿಲೋ ಕೂಡ ಇಲ್ಲ! ಎಷ್ಟೋ ಕಡೆ ಜನ ಕೆಲಸ ಬಿಟ್ಟು ಎದ್ದು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಬೆನ್ನಿಗೆ ನಿಂತಿತು. ಸಾಹೇಬರು ಮಾತ್ರ 1877ರಲ್ಲೇ ಮುಂಬಯಿಯ ಗವರ್ನರ್ ಆದರು. 1880ರ ಕ್ಷಾಮ ಆಯೋಗದ ನಂತರ ಕ್ಷಾಮ ಸಂಹಿತೆಗಳು ಬಂದವು. ಬರ ಬಿದ್ದರೆ ಕೆಲಸ ಕೊಡುವುದು ಸರಕಾರದ ಹೊಣೆಯಾಯಿತು. ಆದರೆ ಬರ ಬಿದ್ದಿದೆ ಅಂತ ಹೇಳಬೇಕಾದವರೂ ಸರಕಾರದವರೇ...

ಈ ಗಂಟು ಬಿಚ್ಚಿದ್ದು ಮಹಾರಾಷ್ಟ್ರ. 1972ರಲ್ಲಿ ಮಳೆ ಕೈಕೊಟ್ಟು, 1973ರ ಬೇಸಿಗೆಯಲ್ಲಿ ಸುಮಾರು 50 ಲಕ್ಷ ಜನ ಖಡಿ ಒಡೆಯುತ್ತ, ಒಡ್ಡು ಹಾಕುತ್ತ ಬದುಕಿದರು. ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ. ಸ. ಪಾಗೆಯವರ ಯೋಚನೆ ಸರಳವಾಗಿತ್ತು: ಬರ ಸಾರುವವರೆಗೆ ಕಾಯುವುದೇಕೆ? ಕೇಳಿದವರಿಗೆ ಕೆಲಸ ಕೊಡಿ. ಅದೇ ರೋಜಗಾರ ಹಮಿ ಯೋಜನೆ. 1977ರ ಕಾನೂನಿನಲ್ಲಿ ಅದು ಹಕ್ಕಾಯಿತು. 15 ದಿನದೊಳಗೆ ಕೆಲಸ ಸಿಗದಿದ್ದರೆ ಭತ್ಯೆ. ದುಡ್ಡು ಎಲ್ಲಿಂದ? 1975ರ ವೃತ್ತಿ ತೆರಿಗೆಯಿಂದ. ವಸೂಲಾದಷ್ಟೇ ಹಣವನ್ನು ಸರಕಾರವೂ ಸೇರಿಸಬೇಕಿತ್ತು. ಪೇಟೆಯವರ ಪಗಾರದಿಂದ ಹಳ್ಳಿಯವರ ಕೂಲಿ! ಇದಕ್ಕಿಂತ ನ್ಯಾಯವಾದ ತೆರಿಗೆ ನಾನು ಕಂಡಿಲ್ಲ.

ಆದರೆ 1956ರಲ್ಲೇ ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತ್ತಲ್ಲ. ಹಾಗಾಗಿ ಜತ್ತ, ಅಕ್ಕಲಕೋಟದ ಕನ್ನಡಿಗರಿಗೆ ಕೆಲಸ ಕೇಳುವ ಹಕ್ಕು ಬಂತು, ಭೀಮೆಯ ಈಚೆ ಇಂಡಿಯವರಿಗೆ ಬರಲಿಲ್ಲ. ಅದೇ ಕರಿ ಎರೆ ಹೊಲ, ಅದೇ ಬಿಳಿಜೋಳ, ಅದೇ ಬಾರದ ಮಳೆ. ಇಂಡಿಯವರು ರೈಲು ಹತ್ತಿ ಇಲ್ಲಿಗೇ ಬಂದರು, ಉಪನಗರಗಳ ನಾಕಾಗಳಲ್ಲಿ ಬೆಳಿಗ್ಗೆ ಕೂಲಿಗೆ ನಿಂತರು. ವಿಜಾಪುರದವನಾದ ನಾನು ಇಲ್ಲಿ ಕಟ್ಟಿದ ತೆರಿಗೆ ಜತ್ತಕ್ಕೆ ಹೋಯಿತು, ನಮ್ಮೂರಿಗೆ ಹೋಗಲಿಲ್ಲ. ಹೊಟ್ಟೆಕಿಚ್ಚೇನಿಲ್ಲ, ಜತ್ತದವರೂ ನಮ್ಮವರೇ.

2005ರಲ್ಲಿ ಸಂಸತ್ತು ಇಡೀ ದೇಶಕ್ಕೆ ಉದ್ಯೋಗ ಖಾತ್ರಿ ಕಾನೂನು ಮಾಡಿತು. ಮೊದಲ 200 ಜಿಲ್ಲೆಗಳಲ್ಲಿ ಗುಲ್ಬರ್ಗ, ಬೀದರ, ರಾಯಚೂರು ಇದ್ದವು; ವಿಜಾಪುರ ಇರಲಿಲ್ಲ. ಅದರ ಸರದಿ ಬಂದಿದ್ದು 2008ರಲ್ಲಿ.